ಹೆಸರಿಲ್ಲದ ಕೌದಿ

ಜತ್ತ ತಾಲೂಕಿನ ಹಳ್ಳಿಗಳಲ್ಲಿ ಕೌದಿ ಇಲ್ಲದ ಮನೆ ವಿರಳ. ಉಟ್ಟು ಹಳೆಯದಾದ ಸೀರೆ, ಹರಿದ ಧೋತರ, ಮಕ್ಕಳ ಅಂಗಿ, ಇವೆಲ್ಲ ತುಣುಕುಗಳಾಗಿ ಒಂದರ ಮೇಲೊಂದು ಕೂಡಿ, ಸೂಜಿಯ ಸಣ್ಣ ಹೊಲಿಗೆಗಳಿಂದ ಬಿಗಿದು, ಚಳಿಗಾಲಕ್ಕೆ ಹೊದಿಕೆಯಾಗುತ್ತವೆ. ಬಲ್ಲ ಹೆಂಗಸರು ಅದರ ಮೇಲೆ ಬೆರಳಾಡಿಸಿ, ಇದು ಯಾರ ಸೀರೆ, ಇದು ಯಾವ ಮದುವೆಯ ಕುಪ್ಪಸ ಎಂದು ಹೇಳಬಲ್ಲರು. ಇದನ್ನು ಕಲೆಯೆಂದು ನಮ್ಮವರು ಎಂದೂ ಕರೆದವರಲ್ಲ. ಹೊದೆಯುವ ವಸ್ತು, ಅಷ್ಟೆ.

ಈಚೆಗೆ ಮೊಬೈಲಿನಲ್ಲಿ ಅಮೆರಿಕೆಯ ಒಂದು ಕೌದಿಯ ಚಿತ್ರವನ್ನು ಕಂಡು ನಾವು ಬಹಳ ಹೊತ್ತು ನೋಡುತ್ತ ಕುಳಿತೆವು. ಆ ದೇಶದಲ್ಲಿ 1981ರಲ್ಲಿ ಏಡ್ಸ್ ರೋಗವು ಮೊದಲು ಗುರುತಿಗೆ ಬಂದುದು ಲಾಸ್ ಏಂಜಲಿಸ್ ನಗರದ ಐವರು ಸಲಿಂಗಪ್ರೇಮಿ ತರುಣರಲ್ಲಿ. ಮುಂದಿನ ವರ್ಷಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ನ್ಯೂಯಾರ್ಕ್ ನಗರಗಳಲ್ಲಿ ಅಂಥವರು ಸಾಲುಸಾಲಾಗಿ ಸತ್ತರು. ಎಷ್ಟೋ ಮನೆಯವರು ಮಗನ ಹೆಣವನ್ನು ತಮ್ಮದೆನ್ನಲಿಲ್ಲ. 1985ರ ನವಂಬರದಲ್ಲಿ ಕ್ಲೀವ್ ಜೋನ್ಸ್ ಎಂಬವರ ಮಾತಿನಂತೆ ಮೆರವಣಿಗೆಯ ಜನರು ಸತ್ತ ಗೆಳೆಯರ ಹೆಸರುಗಳನ್ನು ರಟ್ಟುಗಳ ಮೇಲೆ ಬರೆದು ಸ್ಯಾನ್ ಫ್ರಾನ್ಸಿಸ್ಕೊದ ಸರಕಾರಿ ಕಟ್ಟಡವೊಂದರ ಗೋಡೆಗೆ ಅಂಟಿಸಿದರು. ಆ ಗೋಡೆಯು ಜೋನ್ಸರ ಕಣ್ಣಿಗೆ ಕೌದಿಯಂತೆ ಕಂಡಿತು. 1987ರ ಅಕ್ಟೋಬರ 11ರಂದು ರಾಜಧಾನಿ ವಾಷಿಂಗ್ಟನ್ನಿನ ಬಯಲಿನಲ್ಲಿ 1,920 ತುಂಡುಗಳ ನಿಜವಾದ ಕೌದಿಯನ್ನೇ ಹಾಸಿದರು. ಒಂದೊಂದು ತುಂಡು 3 ಅಡಿ ಅಗಲ, 6 ಅಡಿ ಉದ್ದ. ಮನುಷ್ಯನನ್ನು ಹೂಳುವ ಕುಣಿಯ ಅಳತೆ. ಸತ್ತವರ ಅಂಗಿ, ಗೊಂಬೆ, ಪತ್ರ, ಏನುಂಟೋ ಅದನ್ನು ಹೊಲಿದು ಹೆಸರು ಬರೆದಿದ್ದಾರೆ. ಇಂದು ಅಂಥ ತುಂಡುಗಳು ಸುಮಾರು 50,000.

ನಮ್ಮನ್ನು ತಡೆದು ನಿಲ್ಲಿಸಿದುವು ಆ ಅಂಗಿಗಳು. ನಮ್ಮ ಸೋದರಮಾವ ಒಬ್ಬರು ಮುಂಬಯಿಯ ಹೊಟೇಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಮದುವೆಯಾಗಲಿಲ್ಲ, ಒಬ್ಬ ಗೆಳೆಯನೊಡನೆ ಒಂದೇ ಖೋಲಿಯಲ್ಲಿ 11 ವರ್ಷ ಬಾಳಿದರು. ನಾವು ಎರಡನೆಯ ಇಯತ್ತೆಯಲ್ಲಿದ್ದಾಗ, 1999ರಲ್ಲಿ, ಎಲುಬಿನ ಹಂದರವಾಗಿ ಊರಿಗೆ ಬಂದು, ಮಳೆಗಾಲ ಮುಗಿಯುವದರೊಳಗೆ ತೀರಿಕೊಂಡರು. ನಮ್ಮ ಸರಕಾರವು ಈ ರೋಗಕ್ಕೆ ಔಷಧವನ್ನು ಪುಕ್ಕಟೆ ಕೊಡಲಾರಂಭಿಸಿದ್ದು 2004ರಲ್ಲಿ.

ಅವರ ಬಟ್ಟೆಗಳನ್ನು ಸುಡಬೇಕೆಂದು ಊರ ಹಿರಿಯರು ಹೇಳಿದರು. ಬಟ್ಟೆಯಿಂದ ಈ ರೋಗ ಹಬ್ಬುವದಿಲ್ಲವೆಂದು ತಿಳಿಸಿ ಹೇಳುವವರು ಅಂದು ನಮ್ಮಲ್ಲಿ ಯಾರೂ ಇರಲಿಲ್ಲ. ನಮ್ಮ ಆಯಿ, ಎಂದರೆ ಅವ್ವನ ತಾಯಿ, ಓದಿದವಳಲ್ಲ. ಗೆಳೆಯನು ಮುಂಬಯಿಯಿಂದ ತಂದ ಗಂಟನ್ನು ಬಿಚ್ಚಿ, ಅಂಗಿಗಳನ್ನು ಒಗೆದು ಒಣಗಿಸಿ, ಕೌದಿ ಹೊಲಿಯಲು ಕುಳಿತಳು. “ನನ್ನ ಮಗನ ಅಂಗಿ ನಾ ಯಾಕ ಸುಡಲಿ?” ಎಂದಷ್ಟೇ ಅಂದಳು. ಗೆಳೆಯನ ಟವೆಲೂ ಆ ಗಂಟಿನಲ್ಲಿತ್ತು. ಅದನ್ನು ಬೇರೆ ತೆಗೆದಿಡಲಿಲ್ಲ. ಅವನು ಯಾರು, ಏನು ಎಂದು ಕೇಳಲೂ ಇಲ್ಲ, ಉಣ್ಣಲು ಕರೆದಳು. ಆ ಕೌದಿಯನ್ನು ಹೊದ್ದುಕೊಂಡೇ ನಾವು ಡಿ.ಎಡ್. ಪರೀಕ್ಷೆಗೆ ಓದಿದೆವು.

ನಮ್ಮ ಜಿಲ್ಲೆಯ ಸಾಂಗಲಿ ನಗರದಲ್ಲಿ ಈ ರೋಗದ ಮಾತು ಇಷ್ಟು ಗುಟ್ಟಾಗಿ ಉಳಿಯಲಿಲ್ಲ. ಅಲ್ಲಿ 1992ರಲ್ಲಿ ‘ಸಂಗ್ರಾಮ’ ಸಂಸ್ಥೆಯ ಕೆಲಸ ಆರಂಭವಾಯಿತು. 1996ರಲ್ಲಿ ವೇಶ್ಯಾವೃತ್ತಿಯ ಸ್ತ್ರೀಯರೇ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತನ್ನು ಕಟ್ಟಿಕೊಂಡು, ಮುಂದೆ ತಮ್ಮ ಬಾಳನ್ನೇ ನಾಟಕವಾಗಿ ರಂಗದ ಮೇಲೆ ತಂದರು. ಆ ವೃತ್ತಿಯ ಗಂಡಸರಿಗೂ ತೃತೀಯಲಿಂಗಿಗಳಿಗೂ ‘ಮುಸ್ಕಾನ’ ಎಂಬ ಸಂಘವುಂಟು. ಎಲ್ಲಮ್ಮನ ಜಾತ್ರೆಯಲ್ಲಿ ಚೌಡಿಕೆ ಹಿಡಿದು ಹಾಡುವ ಜೋಗಪ್ಪನಿಗೆ ಕೈಮುಗಿಯುವ ನಮ್ಮ ಜನ, ಪಟ್ಟಣಕ್ಕೆ ಹೋದ ನಮ್ಮ ಮಾವನಂಥವರ ಸಾವನ್ನು ಪಿಸುಮಾತಿನಲ್ಲಿ ಮುಚ್ಚಿಬಿಡುವದೇಕೋ! ನಮಗೆ ಇಂದಿಗೂ ಬಿಡಿಸಲಾಗದ ಒಗಟು ಇದು.

ಅಮೆರಿಕೆಯ ಕೌದಿಯಲ್ಲಿಯೂ ಪೂರ್ತಿ ಹೆಸರಿಲ್ಲದ ತುಂಡುಗಳುಂಟು. ಮನೆಯವರ ಅಂಜಿಕೆ. ನಮ್ಮ ಮಾವನ ಹೆಸರನ್ನು ನಾವೂ ಇಲ್ಲಿ ಬರೆದಿಲ್ಲ. ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳಲ್ಲಿ ನಮ್ಮ ಊರಿನವರೂ ಇದ್ದಾರೆ. ಬಟ್ಟೆ ಸುಡಬೇಕೆಂದ ಹಿರಿಯರು ಇನ್ನೂ ಅವರ ಮನೆಗಳಲ್ಲಿದ್ದಾರೆ. ಆಯಿಯ ಕೌದಿ ನಮ್ಮ ಬಳಿಯಲ್ಲಿಯೇ ಇದೆ. ಅದರಲ್ಲಿ ನೀಲಿ ಗೆರೆಯ ಅಂಗಿ ಮಾವನದು. ಪಕ್ಕದ ಹಸಿರು ಟವೆಲು ಆ ಗೆಳೆಯನದು.