ಕೀಲ್ಪಾಕಿನ ಕಲ್ಲಿಗೆ ಸುಣ್ಣ

ಚೆನ್ನೈಗೆ ಬಂದ ಹೊಸದರಲ್ಲಿ, ಮೀಟಿಂಗಿನಲ್ಲಿ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದ್ದಕ್ಕೆ ಸಹೋದ್ಯೋಗಿಯೊಬ್ಬರು ‘ನಮ್ಮನ್ನು ಕೀಲ್ಪಾಕ್‌ಗೆ ಕಳಿಸ್ತೀರಿ ನೀವು’ ಎಂದು ನಕ್ಕರು. ಬೆಂಗಳೂರಿನವರು ನಿಮ್ಹಾನ್ಸ್ ಹೆಸರು ಹೇಳುವ ಹಾಗೆ ಇಲ್ಲಿಯವರಿಗೆ ಕೀಲ್ಪಾಕ್. 1794ರಲ್ಲಿ ಶುರುವಾದ ಮದ್ರಾಸಿನ ಮಾನಸಿಕ ಆಸ್ಪತ್ರೆ 1871ರಲ್ಲಿ ಇಲ್ಲಿಗೆ ಬಂತು; ಬಡಾವಣೆಯ ಹೆಸರೇ ತಮಾಷೆಯ ಮಾತಾಯಿತು. ನನಗೆ ನಗು ಬರಲಿಲ್ಲ. ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಆಡುತ್ತಿರಲಿಲ್ಲ. ಅಪ್ಪನನ್ನು ಮಣ್ಣು ಮಾಡಿದ್ದು ಅಲ್ಲಿ.

ನಾವು ಹುಬ್ಬಳ್ಳಿಯವರು, ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರು. ಅಪ್ಪ ಲಾರಿ ಆಫೀಸೊಂದರಲ್ಲಿ ಗುಮಾಸ್ತ. ಕುಡಿತ, ಹೊಡೆತ ಎಲ್ಲ ಇತ್ತು. ನನ್ನ ಏಳನೆಯ ಇಯತ್ತೆಯ ಪರೀಕ್ಷೆಯ ಹಿಂದಿನ ದಿನ ಅವ್ವನ ಹೊಲಿಗೆ ಮಷೀನು ಮಾರಿ, ಆ ದುಡ್ಡು ಹಿಡಿದು ಮದ್ರಾಸಿಗೆ ಹೋದವನು ತಿರುಗಿ ಬರಲಿಲ್ಲ. ಅವ್ವ ಮಂದಿಯ ಮಷೀನಿನ ಮೇಲೆ ಬ್ಲೌಸ್ ಹೊಲಿದು ನನ್ನನ್ನು ಎಂ.ಸಿ.ಎ. ತನಕ ಓದಿಸಿದಳು. ನಾನು ಡಿಗ್ರಿ ಮೊದಲ ವರ್ಷದಲ್ಲಿದ್ದಾಗ ಒಂದು ಫೋನು ಬಂತು: ತೀರಿಕೊಂಡರು, ಚರ್ಚಿನವರೇ ಸೇರಿ ಕೀಲ್ಪಾಕ್‌ನಲ್ಲಿ ಮಣ್ಣು ಮಾಡಿದ್ದೇವೆ. ನಾವು ಹೋಗಲಿಲ್ಲ.

ಪ್ರತಿ ಭಾನುವಾರ ಕರ್ತನ ಪ್ರಾರ್ಥನೆ ಹೇಳುವಾಗ ನಾನು ಒಂದು ಕಡೆ ಬಾಯಿ ಮುಚ್ಚುತ್ತಿದ್ದೆ, ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬರುವ ಕಡೆ. ದೇವರ ಎದುರು ಸುಳ್ಳು ಹೇಳಬಾರದಲ್ಲ! ಪಕ್ಕದಲ್ಲಿ ನಿಂತ ಅವ್ವನಿಗೂ ಅದು ಗೊತ್ತಾಗಲಿಲ್ಲ, ಅಥವಾ ಗೊತ್ತಾಗಿಯೂ ಸುಮ್ಮನಿದ್ದಳು.

2020ರ ಏಪ್ರಿಲ್ 19ರಂದು ಚೆನ್ನೈನ ನರಶಸ್ತ್ರಚಿಕಿತ್ಸಕ ಡಾ. ಸೈಮನ್ ಹರ್ಕ್ಯುಲಸ್ ಕೊರೊನಾದಿಂದ ತೀರಿಕೊಂಡರು. ಕೀಲ್ಪಾಕ್ ಸ್ಮಶಾನದಲ್ಲಿ ಹೂಳಲು ಜನ ಬಿಡಲಿಲ್ಲ. ಅಣ್ಣಾನಗರದ ವೇಲಂಗಾಡಿಗೆ ಒಯ್ದರೆ ಅಲ್ಲಿ ಕಲ್ಲು, ದೊಣ್ಣೆ. ಮನೆಯವರು ಅಲ್ಲಿಂದ ಹೊರಟುಹೋಗಬೇಕಾಯಿತು. ಜೊತೆಯ ವೈದ್ಯ ಡಾ. ಪ್ರದೀಪ್ ಕುಮಾರ್ ವಾರ್ಡ್ ಬಾಯ್‌ಗಳೊಂದಿಗೆ ರಾತ್ರಿಯಲ್ಲಿ ತಾವೇ ಮಣ್ಣು ಎಳೆದು ಮುಚ್ಚಿದರು. ಅವರನ್ನು ಕೀಲ್ಪಾಕ್‌ಗೆ ತರಲು ಬಿಡಿ ಎಂದು ಅವರ ಪತ್ನಿ ಕೇಳಿಕೊಂಡ ವಿಡಿಯೋವನ್ನು ನಾನು ಲಾಕ್‌ಡೌನಿನಲ್ಲಿ ಮನೆಯಲ್ಲಿ ಕೂತು ನೋಡಿದೆ. ಅಂಥವರಿಗೆ ಸಿಗದ ಜಾಗ ನನ್ನ ಅಪ್ಪನಿಗೆ ಸಿಕ್ಕಿತ್ತು. ಮೊದಲು ಬಂದದ್ದು ಸಿಟ್ಟು. ಆಮೇಲೆ ಹೊಳೆಯಿತು: ಯಾರೋ ತಮಿಳು ಜನ ಅವನನ್ನು ಹೊತ್ತು ತಂದು, ಪ್ರಾರ್ಥನೆ ಮಾಡಿ, ಮಣ್ಣು ಕೊಟ್ಟಿದ್ದರು. ಅವರಿಗೆ ನಾವು ಒಂದು ಮಾತೂ ಹೇಳಿರಲಿಲ್ಲ.

ಆದರೂ ಹೊರಡಲು ಮತ್ತೆ ಮೂರು ವರ್ಷ ಹಿಡಿಯಿತು. ‘ಹೋಗಿ ಬಾರವಾ, ಸಿಟ್ಟಿಲೆ ಹೋಗಬ್ಯಾಡ’ ಎಂದಳು ಅವ್ವ ಫೋನಿನಲ್ಲಿ. ನವೆಂಬರ್ 2, ಸಕಲ ಮೃತರ ದಿನ. ಇಲ್ಲಿ ಅದಕ್ಕೆ ಕಲ್ಲರೈ ತಿರುನಾಳ್ ಎನ್ನುತ್ತಾರೆ. ಮೆಡಿಕಲ್ ಕಾಲೇಜಿನ ಮೆಟ್ರೋ ಸ್ಟೇಷನ್ನಿನಿಂದ ಹೊರಬಂದರೆ ಪೂನಮಲ್ಲಿ ಹೈರೋಡಿನ ಗದ್ದಲ. ಆಟೋ ಹಿಡಿದೆ. ಫ್ಲವರ್ಸ್ ರೋಡ್, ಲ್ಯಾಂಡನ್ಸ್ ರೋಡ್, ಆರ್ಮ್ಸ್ ರೋಡ್ ಎಂದು ಬ್ರಿಟಿಷರ ಕಾಲದ ಹೆಸರುಗಳು, ಅವುಗಳ ಮೇಲೆ ಅಪಾರ್ಟ್‌ಮೆಂಟುಗಳು. (ಕೀಲ್ಪಾಕ್ ಎಂಬುದೂ ಅವರ ಬಾಯಲ್ಲಿ ಕೆಟ್ಟ ಕೀಳ್‌ಪಾಕ್ಕಮ್ಮೇ. ಆ ‘ಕೀಳ್’ ನಮ್ಮ ‘ಕೆಳ’ದ ನೆಂಟ.) ಸ್ಮಶಾನದ ಬಾಗಿಲಲ್ಲಿ ಸೇವಂತಿಗೆ, ಮೇಣಬತ್ತಿ ಮಾರುವವರು. ಒಳಗೆ ಜಾತ್ರೆಯಷ್ಟು ಜನ, ಆದರೆ ಎಲ್ಲರೂ ತಗ್ಗಿದ ದನಿಯಲ್ಲಿ.

ಹುಡುಕಲು ಒಂದು ಗಂಟೆಯಾಯಿತು. ಸಣ್ಣ ಸಿಮೆಂಟ್ ಶಿಲುಬೆ, ತಮಿಳು ಅಕ್ಷರ. ತಮಿಳಿನಲ್ಲಿ ದ ಮತ್ತು ತ ಎರಡಕ್ಕೂ ಒಂದೇ ಅಕ್ಷರ. ಅಪ್ಪನ ಹೆಸರು ಬೇರೆ ಯಾರದೋ ಹೆಸರಿನಂತೆ ಕಂಡಿತು. ಅದಕ್ಕೆ ಹೊಸ ಸುಣ್ಣ ಹಚ್ಚಿತ್ತು. ಪಕ್ಕದ ಕಲ್ಲಿಗೆ ಹೂ ಇಡುತ್ತಿದ್ದ ಅಜ್ಜಿ ನನ್ನ ಮುಖ ನೋಡಿ, ‘ಮಗಳಾ?’ ಎಂದರು. ಹೌದೆಂದೆ. ‘ನಿಮ್ಮಪ್ಪ ಅಷ್ಟೇನೂ ಒಳ್ಳೆಯವನಲ್ಲಮ್ಮಾ. ನಮ್ಮ ಯಜಮಾನರ ಹತ್ತಿರ ಸಾಲ ತಗೊಂಡ, ಕೊಡಲಿಲ್ಲ.’ ಮತ್ತೆ ಸುಣ್ಣ ಯಾಕೆ ಹಚ್ಚಿಸಿದಿರಿ ಎಂದು ಕೇಳಿದೆ. ‘ಬಕೆಟ್ಟಿನಲ್ಲಿ ಉಳೀತದೆ’ ಎಂದು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, ‘ಕಡನ್ ಮನ್ನಿಚ್ಚಾಚ್ಚು’ ಎಂದರು. ಸಾಲ ಮನ್ನಿಸಿ ಆಯಿತು.

ಕಡನ್ ಅಂದರೆ ಸಾಲ. ನಮ್ಮ ಕನ್ನಡ ಪ್ರಾರ್ಥನೆಯಲ್ಲಿ ಇರುವುದು ‘ತಪ್ಪು’. ತಮಿಳು ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ ಅದೇ ಜಾಗದಲ್ಲಿ ಇರುವುದು ‘ಕಡನ್’. ಮೂಲ ಗ್ರೀಕಿನ ಮಾತೂ ಸಾಲವೇ. ಇಷ್ಟು ವರ್ಷ ನಾನು ಕ್ಷಮೆ ಎಂದರೆ ಅಪ್ಪ ಮಾಡಿದ್ದು ತಪ್ಪಲ್ಲ ಎಂದು ಒಪ್ಪುವುದು ಎಂದುಕೊಂಡಿದ್ದೆ. ಸಾಲ ಮನ್ನಾ ಎಂದರೆ ಸಾಲ ಇರಲೇ ಇಲ್ಲ ಎಂದಲ್ಲ. ಎಷ್ಟು ಬಾಕಿ ಎಂದು ಇಬ್ಬರಿಗೂ ಗೊತ್ತು. ಇನ್ನು ವಸೂಲಿಗೆ ಹೋಗುವುದಿಲ್ಲ, ಅಷ್ಟೆ. ನಾನೋ ಸತ್ತವನ ಬಾಗಿಲಿಗೆ ದಿನಾ ವಸೂಲಿಗೆ ಹೋಗುತ್ತಿದ್ದೆ.

ಅಜ್ಜಿ ತಮಿಳಿನಲ್ಲಿ, ನಾನು ಕನ್ನಡದಲ್ಲಿ ಪ್ರಾರ್ಥನೆ ಹೇಳಿದೆವು. ಆ ಮಾತು ಬಂದಾಗ ದನಿ ಸಣ್ಣದಾಯಿತು, ನಿಲ್ಲಲಿಲ್ಲ. ಮನಸ್ಸು ಪೂರ್ತಿ ಅದರ ಹಿಂದೆ ಇತ್ತೆಂದು ಹೇಳಲಾರೆ. ಹೊಲಿಗೆ ಮಷೀನಿನ ಸದ್ದು ಕೇಳಿದರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಹೊರಗೆ ಬಂದು ಅವ್ವನಿಗೆ ಫೋನು ಮಾಡಿದೆ.

‘ಜಾಗಾ ಸ್ವಚ್ಛ ಐತೇನು?’

‘ಐತಿ. ಸುಣ್ಣಾ ಹಚ್ಚ್ಯಾರ.’

‘ಯಾರು?’

‘ಮುಂದಿನ ವರ್ಷ ನೀನೂ ಬಾ, ಭೆಟ್ಟಿ ಮಾಡಸ್ತೇನಿ’ ಎಂದೆ.