ಐದು ರೂಪಾಯಿಯ ನೀರು

ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ಸಂಜೆಯಾಗುತ್ತಲೇ ಹತ್ತನೇ ತರಗತಿಯ ಹುಡುಗಿಯೊಬ್ಬಳು ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಹೊರಡುತ್ತಾಳೆ. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್. ಅವಳ ಅಪ್ಪನ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಅಜ್ಜಿಗೆ ಮಂಡಿ ಮಡಚಲಾಗದು. ವಯಸ್ಸಿನ ಕಾಟವೆಂದೇ ಮನೆಯವರು ಬಹುಕಾಲ ನಂಬಿದ್ದರು. ಬೋರ್‌ವೆಲ್ ನೀರಿನ ಫ್ಲೋರೈಡ್ ಇದಕ್ಕೆ ಕಾರಣವೆಂದು ತಿಳಿದದ್ದು ಆಮೇಲೆ.

ಚಿತ್ರದುರ್ಗ ಜಿಲ್ಲೆಗೆ ಇದು ಹಳೆಯ ಪಿಡುಗು. ಮಳೆ ಕಡಿಮೆಯಾಗಿ ಕೆರೆ ಒಣಗಿದಂತೆಲ್ಲ ಬೋರ್‌ವೆಲ್ ಆಳಕ್ಕಿಳಿಯಿತು. ಬಂಡೆಯ ಸಂದಿನಲ್ಲಿ ನೀರು ಹೆಚ್ಚು ಕಾಲ ನಿಂತರೆ ಅದರಲ್ಲಿ ಫ್ಲೋರೈಡ್ ಹೆಚ್ಚು ಕರಗುತ್ತದೆ. 2012ರಲ್ಲಿ ಪರಿಷ್ಕರಿಸಿದ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5. ಕುದಿಸಿದರೆ ಕ್ರಿಮಿಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ಅದರ ಕಲೆ ಹತ್ತುವುದು ಎಂಟು ವರ್ಷದೊಳಗೆ, ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವಾಗ. ಹುಡುಗಿಯ ತಮ್ಮನಿಗೆ ಈಗ ಮೂರು ವರ್ಷ.

ಮಳೆನೀರು ತುಂಬಿದ ಜಲಾಶಯಗಳಲ್ಲಿ ಈ ತೊಂದರೆ ಕಡಿಮೆ. ಹಿರಿಯೂರು, ಚಿತ್ರದುರ್ಗ ಪಟ್ಟಣಗಳಿಗೆ ವಾಣಿವಿಲಾಸ ಸಾಗರದ ನೀರಿದೆ. ಹೊಳಲ್ಕೆರೆಗೆ ಸೂಳೆಕೆರೆಯ ನೀರಿದೆ. ಆದರೆ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ದೂರದ ಹಳ್ಳಿಗಳಿಗೆ ಪೈಪು ಎಳೆಯಲು ಹಣವೂ ಬೇಕು, ನೀರೂ ಬೇಕು.

2019ರಲ್ಲಿ ಬಂದ ಜಲ ಜೀವನ್ ಮಿಷನ್ ಪ್ರತಿ ಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್, ಅದೂ ಇದೇ ಮಾನದಂಡದ ನೀರು ಎಂದಿತು. ಕರ್ನಾಟಕದಲ್ಲಿ ವೆಚ್ಚ ಕೇಂದ್ರ, ರಾಜ್ಯಗಳಿಗೆ ಸಮಪಾಲು. ಊರೊಳಗಿನ ಕಾಮಗಾರಿಗೆ ಜನರದೂ ಶೇಕಡ 5ರಿಂದ 10 ವಂತಿಗೆ. ಆದರೆ ಮೋಟಾರು ಸುಟ್ಟಾಗ, ಪೈಪು ಒಡೆದಾಗ, ನೀರುಗಂಟಿಗೆ ಸಂಬಳ ಕೊಡುವಾಗ ಹಣ ಹೊಂದಿಸಬೇಕಾದದ್ದು ಗ್ರಾಮ ಪಂಚಾಯಿತಿ. ಅದಕ್ಕೇ ನೀರಿನ ಕಂದಾಯ.

"ಸರ್ಕಾರದ ನೀರಿಗೆ ನಾವ್ಯಾಕೆ ದುಡ್ಡು ಕಟ್ಟಬೇಕು?" ಎಂದು ಅಪ್ಪ ಗ್ರಾಮಸಭೆಯಲ್ಲಿ ಕೇಳಿ ಬಂದಿದ್ದರು. ರಾತ್ರಿ ಮಗಳು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಲೆಕ್ಕ ಹಾಕಿ ತೋರಿಸಿದಳು.

"ನೋಡಪ್ಪಾ, ದಿನಕ್ಕೆ ಐದು ರೂಪಾಯಿ ಅಂದ್ರೆ ತಿಂಗಳಿಗೆ 150, ವರ್ಷಕ್ಕೆ 1,800. ಘಟಕಕ್ಕೆ ತಕರಾರಿಲ್ಲದೆ ಹಾಕ್ತೀವಿ. ನಲ್ಲಿಗೆ ಯಾಕೆ ಬೇಡ?"

"ಅಲ್ಲಿ ನಾಣ್ಯ ಹಾಕಿದ ತಕ್ಷಣ ಒಳ್ಳೆ ನೀರು ಬರುತ್ತೆ. ಈ ನಲ್ಲಿ ನೀರು ಒಳ್ಳೇದು ಅಂತ ಯಾರು ಹೇಳಿದ್ರು?"

ಮಗಳ ಬಳಿ ಉತ್ತರವಿರಲಿಲ್ಲ. ಅಪ್ಪನ ಮಾತೂ ನಿಜವೇ. ಹಣ ಬರದೆ ನೀರು ಸುಧಾರಿಸದು, ನೀರು ಸುಧಾರಿಸದೆ ಜನ ಹಣ ಕೊಡರು. ಈ ಗಂಟನ್ನು ಎಲ್ಲಾದರೂ ಒಂದು ಕಡೆ ಬಿಚ್ಚಬೇಕು.

ಮುಂದಿನ ಸಭೆಯಲ್ಲಿ ಅಪ್ಪ ಎದ್ದುನಿಂತು, "ನೀರಿನ ಪರೀಕ್ಷೆ ಮಾಡಿಸಿ ಫಲಿತಾಂಶವನ್ನ ಪಂಚಾಯಿತಿ ಗೋಡೆಗೆ ಅಂಟಿಸಿ. ಖರ್ಚಿನ ಲೆಕ್ಕಾನೂ ಪಕ್ಕದಲ್ಲೇ ಇರಲಿ. ಕಂದಾಯ ಮೊದಲು ನಾನೇ ಕಟ್ಟುತೀನಿ," ಎಂದರು.

ಸದ್ಯಕ್ಕೆ ಗೋಡೆ ಖಾಲಿಯಿದೆ. ಹುಡುಗಿ ಸೈಕಲ್ಲು ಹತ್ತುತ್ತಾಳೆ. ತಮ್ಮನಿಗೆ ಅವಳು ತಂದ ನೀರೇ ಆಗಬೇಕು.