ಅವರಿಗೆ ಬಿಸಿಲು, ನಮಗೆ ಹೊಂಗೆ ನೆರಳು

ಜುಲೈ ಬಂತೆಂದರೆ ನಮ್ಮ ಟೀಮಿನ ಫಿನ್ಲೆಂಡ್ ಸಹೋದ್ಯೋಗಿಗಳು ಮೇಲ್‌ಗೂ ಸಿಗಲ್ಲ, ಕಾಲ್‌ಗೂ ಸಿಗಲ್ಲ. ಕೆರೆದಂಡೆಯ 'ಮೊಕ್ಕಿ' ಸೇರಿಬಿಟ್ಟಿರುತ್ತಾರೆ. ಮೊಕ್ಕಿ ಅಂದರೆ ಬೇಸಿಗೆ ಕಳೆಯೋಕೆ ಕಟ್ಟಿಕೊಂಡ ಪುಟ್ಟ ಮನೆ. ಸುಮಾರು 55 ಲಕ್ಷ ಜನರ ಆ ದೇಶದಲ್ಲಿ ಇಂಥವು 5 ಲಕ್ಷಕ್ಕೂ ಹೆಚ್ಚಿವೆ. ಜೂನ್ ಕೊನೆಯ 'ಯುಹಾನ್ನುಸ್' ಹಬ್ಬದ ಹೊತ್ತಿಗೆ ಹೆಲ್ಸಿಂಕಿಯಲ್ಲಿ ಸುಮಾರು 19 ಗಂಟೆ ಹಗಲು. ನೀರಿನ ದಡದಲ್ಲಿ ಬೆಂಕಿ ಹಾಕುತ್ತಾರೆ, ಸೌನಾದಲ್ಲಿ ಬೆವರಿ ಕೆರೆಗೆ ಹಾರುತ್ತಾರೆ.

ನನಗೆ ಹೊಟ್ಟೆಕಿಚ್ಚು ತರಿಸೋದು ಮಾತ್ರ ಅವರ ಇನ್ನೊಂದು ಪದ್ಧತಿ. ಮನೆಯಂಗಳ ಬಿಟ್ಟು, ಕಾಡು ಯಾರದೇ ಆಗಿರಲಿ, ಯಾರು ಬೇಕಾದರೂ ನಡೆಯಬಹುದು, ಕಾಡುಹಣ್ಣು, ಅಣಬೆ ಆರಿಸಬಹುದು. ಅದು ಎಲ್ಲರ ಹಕ್ಕು.

ನಮ್ಮ ಜಯನಗರದಲ್ಲಿ ಅಂಥದ್ದೇನಿದೆ ಅಂತ ಯೋಚಿಸಿದರೆ ಕಣ್ಣಿಗೆ ಬೀಳೋದು ರಸ್ತೆಬದಿಯ ಮರಗಳು. ಅವರು ಬಿಸಿಲು ಹುಡುಕಿಕೊಂಡು ಹೋದರೆ ನಾವು ನೆರಳು ಹುಡುಕಿಕೊಂಡು ಬರುತ್ತೇವೆ. ಯುಗಾದಿ ಹೊತ್ತಿಗೆ ಹೊಂಗೆ ಚಿಗುರುತ್ತೆ, ಆಮೇಲೆ ಅದರ ಪುಟ್ಟ ಹೂಗಳು ಫುಟ್‌ಪಾತ್ ತುಂಬಾ ಉದುರುತ್ತವೆ. ರಾಮನವಮಿಗೆ ಬೀದಿಬೀದಿಯಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿ. ಯಾರ ಮನೆಯವರು ಅಂತ ಯಾರೂ ಕೇಳಲ್ಲ, ಲೋಟ ಕೈಗೆ ಬರುತ್ತೆ. ಮರದ ನೆರಳೂ ಹಾಗೇ. ಹೂ ಮಾರುವವರು, ಆಟೋದಲ್ಲಿ ಮಲಗಿದ ಚಾಲಕರು, ಬೈಕ್ ನಿಲ್ಲಿಸಿ ಊಟದ ಡಬ್ಬಿ ಬಿಚ್ಚಿದ ಡೆಲಿವರಿ ಹುಡುಗ, ಇವರೆಲ್ಲರ ಮೊಕ್ಕಿ ಅದೇ.

ಈ ನೆರಳು ತಾನಾಗಿ ಉಳಿಯೋದಿಲ್ಲ. 2009ರಲ್ಲಿ ಮೆಟ್ರೊಗಾಗಿ ಇಲ್ಲಿನ ನಂದಾ ರಸ್ತೆಯ ಮರಗಳನ್ನು ಕಡಿಯಲು ಹೊರಟಾಗ ಊರಿನ ಜನ ಬೀದಿಗಿಳಿದು ಪ್ರತಿಭಟಿಸಿದರು. ಆದರೂ ಮರಗಳು ಉರುಳಿದವು. 2017ರ ಜೂನ್‌ನಲ್ಲಿ ರೈಲು ಬಂತು. ನಾನೂ ಅದರಲ್ಲೇ ಆಫೀಸಿಗೆ ಹೋಗೋದು, ಟ್ರಾಫಿಕ್‌ನಿಂದ ಬಚಾವು. ಸ್ಟೇಷನ್ ಮೆಟ್ಟಿಲಿಳಿದು ಮಧ್ಯಾಹ್ನ ನಡೆಯುವಾಗ ಮಾತ್ರ ಕೊಟ್ಟ ಬೆಲೆ ನೆತ್ತಿಗೇ ಗೊತ್ತಾಗುತ್ತೆ.

ನಮಗೂ ಒಂದು ಕಾನೂನಿದೆ. ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ, ಕೆಲವು ಜಾತಿಗಳನ್ನು ಬಿಟ್ಟರೆ, ನಮ್ಮದೇ ಸೈಟಿನ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಅಂದರೆ ಮರ ನಮ್ಮದಾದರೂ ಅದರಲ್ಲಿ ಊರಿನ ಪಾಲೂ ಇದೆ ಅಂತಾಯ್ತು.

ಈ ಭಾನುವಾರ ನಿಮ್ಮ ರಸ್ತೆಯಲ್ಲಿ ಒಂದು ಸುತ್ತು ನಡೆಯಿರಿ. ಹೊಂಗೆ ಎಷ್ಟು, ಬೇವು ಎಷ್ಟು ಅಂತ ಎಣಿಸಿ. ಲೆಕ್ಕ ಗೊತ್ತಿದ್ದರೆ ತಾನೇ, ನಾಳೆ ಒಂದು ಕಮ್ಮಿಯಾದಾಗ ಕೇಳೋಕಾಗೋದು?